ಕಣ್ಣಿನ ಒತ್ತಡ: ಹೆದರಿಕೆಯೂ ಬೇಡ, ಅಲಕ್ಷ್ಯವೂ ಬೇಡ

ಹುಬ್ಬಳ್ಳಿ-ಧಾರವಾಡಗಳಲ್ಲಿ ಕಣ್ಣು ತೋರಿಸಿಕೊಳ್ಳುವ ಅನುಕೂಲತೆಯು ಹಿಂದೆಂದೂ ಇಲ್ಲದಷ್ಟು ಬೆಳೆದಿರುವದು ಸಂತೋಷದ ಸಂಗತಿ. ಆದರೆ ಈ ಅನುಕೂಲತೆಯ ಬೆನ್ನಹಿಂದೆಯೇ ಒಂದು ಹೊಸ ಚಿಂತೆಯು ನಮ್ಮ ಮನೆಗಳನ್ನು ಹೊಕ್ಕಿರುವದನ್ನು ನಾವು ಕಾಣುತ್ತಿದ್ದೇವೆ. ನಲವತ್ತು ದಾಟಿದ ಗೃಹಸ್ಥರು ಕನ್ನಡಕದ ನಂಬರನ್ನು ಬದಲಿಸಿಕೊಳ್ಳಲೆಂದು ಡಾಕ್ಟರರ ಕಡೆಗೆ ಹೋಗುತ್ತಾರೆ. ನಂಬರಿನ ಸಂಗಡ “ಕಣ್ಣಿನ ಒತ್ತಡ ಸ್ವಲ್ಪ ಹೆಚ್ಚಿದೆ, ಗ್ಲಾಕೋಮಾದ ಸಂಶಯವಿದೆ” ಎಂಬ ಮಾತನ್ನೂ ಕೇಳಿಕೊಂಡು ಮರಳುತ್ತಾರೆ. ಅಂದಿನಿಂದ ಕೆಲವರಿಗೆ ನಿದ್ರೆಯಿಲ್ಲ. ಅವರು ದಿನಕ್ಕೆ ಹತ್ತು ಸಲ ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರನ್ನು ಓದಿ ನೋಡುತ್ತಾರೆ. ಕೆಲವರು ಮೂರು ಊರುಗಳ ಮೂವರು ಡಾಕ್ಟರರಿಗೆ ತೋರಿಸಿ ಮೂರು ಅಭಿಪ್ರಾಯಗಳನ್ನು ತಂದು ಇನ್ನಷ್ಟು ಗೊಂದಲಕ್ಕೀಡಾಗುತ್ತಾರೆ. ಮತ್ತೆ ಕೆಲವರು “ನನಗೆ ಎಲ್ಲವೂ ಸ್ವಚ್ಛ ಕಾಣುತ್ತದೆ, ಇದು ದುಡ್ಡು ಕೀಳುವ ಉಪಾಯ” ಎಂದು ಚೀಟಿಯನ್ನು ಕಪಾಟಿನಲ್ಲಿಟ್ಟು ಮರೆತುಬಿಡುತ್ತಾರೆ. ಈ ಮೂರೂ ದಾರಿಗಳು ತಪ್ಪೆಂದು ನಮ್ಮ ಅಭಿಪ್ರಾಯ. ಸರಿಯಾದ ದಾರಿ ಯಾವದೆಂಬದನ್ನು ವಿಚಾರಿಸಿ ನೋಡುವದು ಇಂದು ಅವಶ್ಯವಾಗಿದೆ.

ಮೊದಲು ರೋಗದ ಸ್ವರೂಪವನ್ನು ತಿಳಿಯೋಣ. ಕಣ್ಣಿನ ಮುಂಭಾಗದಲ್ಲಿ ತಿಳಿಯಾದ ದ್ರವವೊಂದು ಸದಾ ಉತ್ಪನ್ನವಾಗಿ, ಅಂಚಿನ ಕೋನದಲ್ಲಿರುವ ಸೂಕ್ಷ್ಮವಾದ ಜಾಲರಿಯೊಳಗಿಂದ ಹೊರಕ್ಕೆ ಬಸಿದುಹೋಗುತ್ತಿರುತ್ತದೆ. ಹುಟ್ಟಿದಷ್ಟು ದ್ರವವು ಬಸಿಯದಿದ್ದರೆ ಕಣ್ಣಿನೊಳಗಿನ ಒತ್ತಡ ಏರುವದು. ಅದನ್ನು ಪಾದರಸದ ಮಿಲಿಮೀಟರುಗಳಲ್ಲಿ ಅಳೆಯುತ್ತಾರೆ. ಸಾಮಾನ್ಯವಾಗಿ ೧೦ರಿಂದ ೨೧ರ ವರೆಗಿನ ಒತ್ತಡವನ್ನು ಸಹಜವೆಂದು ಎಣಿಸುತ್ತಾರೆ. ಕಣ್ಣಿನಿಂದ ಮೆದುಳಿಗೆ ಹೋಗುವ ದೃಷ್ಟಿನರದಲ್ಲಿ ಸುಮಾರು ಹತ್ತು ಲಕ್ಷ ತಂತುಗಳಿವೆ. ತಾಳಲಾರದ ಒತ್ತಡವು ಈ ತಂತುಗಳನ್ನು ವರ್ಷಾನುವರ್ಷ ಸವೆಯಿಸುತ್ತ ಹೋಗುವದೇ ಗ್ಲಾಕೋಮಾ. ನೆರೆಯ ಮರಾಠಿಯಲ್ಲಿ ಇದಕ್ಕೆ ಕಾಚಬಿಂದುವೆಂದು ಹೆಸರು. ಮೋತಿಬಿಂದು, ಎಂದರೆ ಪೊರೆ, ಬಂದ ಕಣ್ಣಿಗೆ ಶಸ್ತ್ರಕ್ರಿಯೆಯಿಂದ ಬೆಳಕು ಮರಳಿ ಬರುವದು. ಗ್ಲಾಕೋಮಾದಲ್ಲಿ ಸತ್ತ ತಂತು ಮತ್ತೆ ಹುಟ್ಟಲಾರದು. ಹೋದ ದೃಷ್ಟಿ ಹೋದಂತೆಯೇ. ಉಳಿದುದನ್ನು ಉಳಿಸಿಕೊಳ್ಳುವದಷ್ಟೇ ವೈದ್ಯರ ಕೈಯಲ್ಲಿರುವದು.

ಇದಕ್ಕಿಂತಲೂ ಕುಟಿಲವಾದ ಇನ್ನೊಂದು ಗುಣವು ಈ ರೋಗಕ್ಕಿದೆ. ಅದರ ಪೆಟ್ಟು ಸಾಮಾನ್ಯವಾಗಿ ಬದಿಯ ನೋಟಕ್ಕೆ ಮೊದಲು ಬೀಳುತ್ತದೆ. ನಟ್ಟನಡುವಿನ ನೋಟವು ಬಹುಕಾಲ ನಿಲ್ಲುತ್ತದೆ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ತುಂಬಿಕೊಡುವದು. ಉಳಿದ ಬರಿದನ್ನು ಮೆದುಳು ತಾನೇ ತುಂಬಿಸಿಕೊಂಡುಬಿಡುವದು. ಆದುದರಿಂದ ಗೋಡೆಯ ಮೇಲಿನ ಅಕ್ಷರಗಳ ಕೊನೆಯ ಸಾಲನ್ನು ಸಲೀಸಾಗಿ ಓದಿದವನಿಗೆ ಗ್ಲಾಕೋಮಾ ಇಲ್ಲವೆಂದು ಹೇಳಲಾಗುವದಿಲ್ಲ. ಕಣ್ಣು ಮುಚ್ಚಿ ಕ್ಯಾಲೆಂಡರು ನೋಡುವ ನಮ್ಮ ಗೃಹಸ್ಥರ ಪರೀಕ್ಷೆಯಿಂದ ಸಮಾಧಾನಪಡಲೂ ಬಾರದು, ದಿಗಿಲುಗೊಳ್ಳಲೂ ಬಾರದು. ಅದು ಪರೀಕ್ಷೆಯೇ ಅಲ್ಲ.

ಹಾಗಾದರೆ ‘ಸಂಶಯ’ವೆಂದು ಡಾಕ್ಟರರು ಬರೆದ ಮಾತಿಗೆ ಅರ್ಥವೇನು? ಸಂಶಯವೆಂದರೆ ರೋಗವಲ್ಲ. ನ್ಯಾಯಾಲಯದಲ್ಲಿ ಸಂಶಯದ ಮೇಲೆ ಕರೆಯಿಸಲ್ಪಟ್ಟವನಿಗೂ ಅಪರಾಧ ಸಿದ್ಧವಾದವನಿಗೂ ಇರುವಷ್ಟು ಅಂತರವು ಇಲ್ಲಿಯೂ ಇದೆ. ಒತ್ತಡವು ೨೧ನ್ನು ಮೀರಿದ್ದರೆ, ಇಲ್ಲವೆ ದೃಷ್ಟಿನರದ ತಲೆಯ ಮೇಲಿರುವ ಬಟ್ಟಲಿನಂಥ ತಗ್ಗು ಸಾಮಾನ್ಯಕ್ಕಿಂತ ದೊಡ್ಡದಾಗಿ ಕಂಡರೆ, ಸಂಶಯ ಹುಟ್ಟುತ್ತದೆ. ಆದರೆ ಹುಟ್ಟಿನಿಂದಲೇ ದೊಡ್ಡ ನರ, ದೊಡ್ಡ ಬಟ್ಟಲು ಉಳ್ಳವರು ಎಷ್ಟೋ ಜನರಿದ್ದಾರೆ. ಅವರಿಗೆ ಆಜನ್ಮ ಯಾವ ಬಾಧೆಯೂ ಆಗುವದಿಲ್ಲ. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವು ದಪ್ಪವಾಗಿದ್ದವರಲ್ಲಿ ಒತ್ತಡವು ಇದ್ದುದಕ್ಕಿಂತ ಹೆಚ್ಚು ತೋರುವದು. ತೆಳುವಾಗಿದ್ದವರಲ್ಲಿ ಕಡಿಮೆ ತೋರುವದು. ಒತ್ತಡವು ದಿನದ ವೇಳೆಗೆ ತಕ್ಕಂತೆ ಏರಿಳಿಯುವದೂ ಉಂಟು. ಆದುದರಿಂದ ಒಂದು ದಿನದ ಒಂದು ಅಂಕೆಯ ಮೇಲೆ ಯಾರೂ ತೀರ್ಪು ಕೊಡಲಾರರು; ಬಲ್ಲ ವೈದ್ಯರು ಕೊಡುವದೂ ಇಲ್ಲ.

ಈ ವಿಷಯದಲ್ಲಿ ಅಮೇರಿಕೆಯಲ್ಲಿ ನಡೆದು ೨೦೦೨ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನವನ್ನು ನಮ್ಮ ವಾಚಕರು ತಿಳಿದಿರುವದು ಒಳ್ಳೆಯದು. ಒತ್ತಡವು ೨೪ರಿಂದ ೩೨ರ ವರೆಗೆ ಇದ್ದು ನರಕ್ಕೆ ಇನ್ನೂ ಹಾನಿಯಾಗದಿದ್ದ ೧,೬೩೬ ಜನರನ್ನು ಆರಿಸಿ, ಅರ್ಧದಷ್ಟು ಜನರಿಗೆ ಒತ್ತಡ ಇಳಿಸುವ ಹನಿಗಳನ್ನು ಕೊಟ್ಟರು. ಉಳಿದವರನ್ನು ಔಷಧವಿಲ್ಲದೆ ಬರಿದೆ ನೋಡಿಕೊಂಡು ಬಂದರು. ಐದು ವರ್ಷಗಳಲ್ಲಿ ಔಷಧವಿಲ್ಲದವರ ಪೈಕಿ ಶೇಕಡಾ ೯.೫ ಜನರಿಗೂ, ಔಷಧ ಹಾಕಿಕೊಂಡವರ ಪೈಕಿ ಶೇಕಡಾ ೪.೪ ಜನರಿಗೂ ರೋಗವು ಕಾಣಿಸಿಕೊಂಡಿತು. ಇದರಿಂದ ಎರಡು ಪಾಠಗಳು ಹೊರಡುತ್ತವೆ. ಒತ್ತಡ ಹೆಚ್ಚಿದ್ದರೂ ನೂರರಲ್ಲಿ ತೊಂಬತ್ತು ಜನರು ಐದು ವರ್ಷಗಳ ವರೆಗೆ ಔಷಧವಿಲ್ಲದೆಯೇ ಸುರಕ್ಷಿತರಾಗಿದ್ದರೆಂಬದು ಮೊದಲನೆಯದು, ಇದು ಹೆದರಿದವರಿಗೆ. ಹನಿಗಳಿಂದ ಅಪಾಯವು ಅರ್ಧಕ್ಕಿಂತ ಕೆಳಗಿಳಿಯಿತೆಂಬದು ಎರಡನೆಯದು. ಇದು ಅಲಕ್ಷ್ಯ ಮಾಡುವವರಿಗೆ. ಯಾರಿಗೆ ಹನಿ ಬೇಕು, ಯಾರಿಗೆ ಕಾಲಕಾಲದ ಪರೀಕ್ಷೆಯಷ್ಟೇ ಸಾಕು ಎಂಬದನ್ನು ವಯಸ್ಸು, ಒತ್ತಡ, ಪಟಲದ ದಪ್ಪ, ಬಟ್ಟಲಿನ ಆಕಾರ ಇವೆಲ್ಲವನ್ನೂ ಕೂಡಿಸಿ ತೂಗಿ ನೋಡಿ ವೈದ್ಯರು ನಿಶ್ಚಯಿಸುತ್ತಾರೆ. ಮೂವರು ಡಾಕ್ಟರರು ಮೂರು ಮಾತು ಹೇಳಿದರೆ ಅವರೆಲ್ಲರೂ ಸುಳ್ಳರೆಂದು ತಿಳಿಯಲಾಗದು. ತೂಕದ ಕೆಲಸದಲ್ಲಿ ತುಸು ಭೇದವಿರುವದು ಸ್ವಾಭಾವಿಕ. ಒಬ್ಬರಲ್ಲಿಯೇ ನಂಬಿಕೆಯಿಟ್ಟು, ಅವರಲ್ಲಿಯೇ ಹಳೆಯ ದಾಖಲೆಗಳೊಂದಿಗೆ ಹೋಗುತ್ತಿರುವದೇ ಉತ್ತಮ. ಏಕೆಂದರೆ ಈ ರೋಗದ ನಿರ್ಣಯವು ಮುಖ್ಯವಾಗಿ ಹಿಂದಿನ ವರ್ಷಕ್ಕೂ ಈ ವರ್ಷಕ್ಕೂ ಇರುವ ವ್ಯತ್ಯಾಸದ ಮೇಲೆ ನಿಂತಿದೆ.

ಇನ್ನು ಅಲಕ್ಷ್ಯದ ಮಾತು. ಭಾರತದಲ್ಲಿ ೪೦ ವರ್ಷ ಮೀರಿದವರ ಪೈಕಿ ಸುಮಾರು ೧ ಕೋಟಿ ೧೨ ಲಕ್ಷ ಜನರಿಗೆ ಗ್ಲಾಕೋಮಾ ಇದ್ದೀತೆಂದು ೨೦೧೦ರಲ್ಲಿ ತಜ್ಞರು ಅಂದಾಜು ಮಾಡಿದ್ದರು. ದಕ್ಷಿಣ ಭಾರತದಲ್ಲಿ ನಡೆದ ಸಮೀಕ್ಷೆಗಳಲ್ಲಿ ರೋಗವಿದ್ದವರ ಪೈಕಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರಿಗೆ ತಮಗೆ ರೋಗವಿದೆಯೆಂಬದೇ ಗೊತ್ತಿರಲಿಲ್ಲ. ರೋಗಿಗಳಲ್ಲಿ ಬಹು ಜನರ ಒತ್ತಡವು ಒಂದು ಸಲ ಅಳೆದಾಗ ೨೧ರ ಒಳಗೇ ಇತ್ತೆಂಬದು ಇನ್ನೂ ಗಮನಿಸತಕ್ಕ ಸಂಗತಿ. ಎಂದರೆ, ಒತ್ತಡವೊಂದನ್ನೇ ಅಳೆದು “ಎಲ್ಲ ಸರಿಯಿದೆ” ಎಂದು ಕಳಿಸುವದು ಅರ್ಧ ಪರೀಕ್ಷೆ. ಪಾಪೆಯನ್ನು ಹಿಗ್ಗಿಸಿ ನರವನ್ನು ನೋಡಬೇಕು. ಸಂಶಯ ಬಂದಲ್ಲಿ ಬದಿಯ ನೋಟದ ನಕಾಶೆಯನ್ನು ತೆಗೆಯಬೇಕು. ಹೀಗೆ ನೋಡಿದ ಡಾಕ್ಟರರು “ಸಂಶಯವಿದೆ” ಎಂದು ಹೇಳಿದರೆ, ಅದು ದುಡ್ಡು ಕೀಳುವ ಉಪಾಯವಲ್ಲ. ಅನೇಕರಿಗೆ ಸಿಗದ ಭಾಗ್ಯವು ನಿಮಗೆ ಸಿಕ್ಕಿತೆಂದೇ ತಿಳಿಯಿರಿ.

ಗ್ಲಾಕೋಮಾದಲ್ಲಿ ಎರಡು ಜಾತಿಗಳುಂಟೆಂಬದನ್ನೂ ಮರೆಯಲಾಗದು. ಮೇಲೆ ಹೇಳಿದುದು ದ್ರವದ ಹಾದಿ ತೆರೆದಿದ್ದೂ ಬಸಿಯದಿರುವ ಜಾತಿ. ಹಾದಿಯ ಕೋನವೇ ಇಕ್ಕಟ್ಟಾಗಿ ಮುಚ್ಚಿಕೊಳ್ಳುವ ಇನ್ನೊಂದು ಜಾತಿಯಿದೆ. ಅದು ಯುರೋಪಿಯನ್ನರಲ್ಲಿ ವಿರಳ, ನಮ್ಮ ಏಶಿಯಾದಲ್ಲಿ ಹೆಚ್ಚು. ಹೆಂಗಸರಲ್ಲಿಯೂ, ಎಳೆಯ ವಯಸ್ಸಿನಿಂದಲೇ ದೂರನೋಟಕ್ಕೂ ಪ್ಲಸ್ ನಂಬರಿನ ಕನ್ನಡಕ ಹಾಕುವವರಲ್ಲಿಯೂ ವಿಶೇಷ. ಒಮ್ಮಿಂದೊಮ್ಮೆಲೆ ಕಣ್ಣು ಕೆಂಪಾಗಿ, ಕಣ್ಣೂ ತಲೆಯೂ ಸಿಡಿಯುವಂತೆ ನೋಯ್ದು, ವಾಂತಿಯಾಗಿ, ದೀಪದ ಸುತ್ತ ಬಣ್ಣದ ಬಳೆಗಳು ಕಂಡರೆ, ಅದನ್ನು ಪಿತ್ತವೆಂದೋ ಅರೆತಲೆಶೂಲೆಯೆಂದೋ ಎಣಿಸಿ ಮನೆಯ ಮದ್ದು ಮಾಡುತ್ತ ಕೂಡ್ರಬಾರದು. ಅದೇ ದಿನ, ಅದೇ ತಾಸಿನಲ್ಲಿ ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ಆದರೆ ಕೋನವು ಇಕ್ಕಟ್ಟಾಗಿದೆಯೆಂದು ಹೇಳಿಸಿಕೊಂಡವರೆಲ್ಲರಿಗೂ ಈ ಗತಿ ಬರುವದಿಲ್ಲ. ಚೀನದ ಗ್ವಾಂಗ್‌ಝೌ ನಗರದಲ್ಲಿ ಅಂಥ ೮೮೯ ಜನರ ಒಂದೊಂದು ಕಣ್ಣಿಗೆ ಲೇಸರ್ ಚಿಕಿತ್ಸೆ ಮಾಡಿ, ಇನ್ನೊಂದನ್ನು ಹಾಗೆಯೇ ಬಿಟ್ಟು, ಆರು ವರ್ಷ ನೋಡಿದರು. ಚಿಕಿತ್ಸೆಯಾದ ಕಣ್ಣುಗಳಲ್ಲಿ ೧೯ಕ್ಕೂ ಬಿಟ್ಟ ಕಣ್ಣುಗಳಲ್ಲಿ ೩೬ಕ್ಕೂ ತೊಂದರೆಯಾಯಿತೆಂದು ೨೦೧೯ರಲ್ಲಿ ಪ್ರಕಟಿಸಿದರು. ಲೇಸರಿನಿಂದ ಲಾಭವಿದೆ, ಆದರೆ ಬರಿಯ ಸಂಶಯದ ಸ್ಥಿತಿಯಲ್ಲಿ ಅಪಾಯವೇ ಚಿಕ್ಕದು. ಅವಸರದ ಭೀತಿಗೆ ಇಲ್ಲಿಯೂ ಕಾರಣವಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಸಂಶಯಿತರಲ್ಲಿ ಬಹುಜನರಿಗೆ ರೋಗವು ಬರುವದಿಲ್ಲವಾದರೆ, ಅವರಿಗೆ ಹೇಳಿ ಹೆದರಿಸುವದಾದರೂ ಏಕೆ? ಈ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ನಾವು ಅನ್ನುವದಿಲ್ಲ. ಊರಿನ ಎಲ್ಲ ವಯಸ್ಕರನ್ನೂ ಸಾಲಾಗಿ ನಿಲ್ಲಿಸಿ ಗ್ಲಾಕೋಮಾಕ್ಕಾಗಿ ಪರೀಕ್ಷಿಸುವದರಿಂದ ಹಿತವಾಗುವದೆಂಬದಕ್ಕೆ ಸಾಕಷ್ಟು ಪ್ರಮಾಣವಿಲ್ಲವೆಂದು ಅಮೇರಿಕೆಯ ತಜ್ಞಮಂಡಲವೇ ೨೦೨೨ರಲ್ಲಿ ಹೇಳಿದೆ. ಆದರೆ ಎಲ್ಲರನ್ನೂ ಹುಡುಕಿ ಪರೀಕ್ಷಿಸುವದು ಬೇರೆ; ತಾನಾಗಿ ಡಾಕ್ಟರರ ಬಾಗಿಲಿಗೆ ಬಂದವನ ಕಣ್ಣನ್ನು ಪೂರ್ಣವಾಗಿ ನೋಡುವದು ಬೇರೆ. ಬಂದವನನ್ನು ಅರ್ಧ ನೋಡಿ ಕಳಿಸಲು ಯಾವ ತರ್ಕವೂ ಒಪ್ಪಲಾರದು. ಕಂಡುದನ್ನು ಅವನಿಂದ ಮುಚ್ಚಿಡುವದಂತೂ ಅವನ ಹಕ್ಕಿನ ಅಪಹರಣವೇ ಸರಿ. ಹೇಳಬೇಕು, ಆದರೆ ಹೇಳುವ ರೀತಿಯಿದೆ.

ಈ ರೀತಿಯ ವಿಷಯದಲ್ಲಿ ನಮ್ಮ ಡಾಕ್ಟರ್ ಮಹಾಶಯರಿಗೆ ಒಂದು ವಿಜ್ಞಾಪನೆಯಿದೆ. ಒಂದು ದಿನಕ್ಕೆ ನೂರು ರೋಗಿಗಳನ್ನು ನೋಡುವವರಿಗೆ ಮಾತಾಡಲು ವೇಳೆಯಿಲ್ಲವೆಂಬದು ನಮಗೆ ತಿಳಿಯದ ಸಂಗತಿಯಲ್ಲ. ಆದರೂ ರೋಗಿಯ ಕೈಗೆ ಕನ್ನಡದಲ್ಲಿ ಅಚ್ಚಾದ ಒಂದು ಚೀಟಿಯನ್ನು ಕೊಡಬಹುದಲ್ಲ! ನಿನ್ನ ಒತ್ತಡ ಇಷ್ಟು. ಪಟಲದ ದಪ್ಪ ಇಷ್ಟು. ನರದ ಬಟ್ಟಲು ಇಷ್ಟು. ಈಗ ರೋಗವಿದೆಯೋ ಇಲ್ಲವೋ. ಮತ್ತೆ ಇಂಥ ತಿಂಗಳಲ್ಲಿ ಬರತಕ್ಕದ್ದು. ಇಂಥ ಲಕ್ಷಣ ಕಂಡರೆ ಕೂಡಲೇ ಬರತಕ್ಕದ್ದು—ಈ ಆರು ಸಾಲುಗಳಿಗೆ ಖರ್ಚೇನೂ ಇಲ್ಲ. ಅರ್ಥವಾಗದ ಅಕ್ಷರಗಳಲ್ಲಿ ಬರೆದ ಒಂದು ಇಂಗ್ಲಿಷ್ ಶಬ್ದವನ್ನು ಹೊತ್ತುಕೊಂಡು ಮನೆಗೆ ಬಂದವನ ರಾತ್ರಿ ಹೇಗೆ ಕಳೆಯುವದೆಂಬದನ್ನು ಅವರು ಒಮ್ಮೆ ಆಲೋಚಿಸಬೇಕು. ಅಂಕೆಯನ್ನು ತಿಳಿದವನು ಮರಳಿ ಬರುತ್ತಾನೆ. ಬರಿ ಭಯವನ್ನು ಪಡೆದವನು ಓಡಿಹೋಗುತ್ತಾನೆ.

ಸರಕಾರಕ್ಕೂ ಸಂಸ್ಥೆಗಳಿಗೂ ಹೇಳತಕ್ಕ ಮಾತು ಬೇರೆಯಿದೆ. ನೇತ್ರದಾನದ ಪುಣ್ಯಕಾರ್ಯದಲ್ಲಿಯೂ ಶಿಬಿರಗಳ ಕಾರ್ಯದಲ್ಲಿಯೂ ನಮ್ಮ ಪ್ರಾಂತವು ಹಿಂದುಳಿದುದಲ್ಲ. ೧೯೧೬ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ ಶಿಬಿರಗಳನ್ನು ನಡೆಸಿ, ಲೆಕ್ಕವಿಲ್ಲದಷ್ಟು ಬಡವರ ಪೊರೆಯನ್ನು ತೆಗೆದು ಬೆಳಕು ಕೊಟ್ಟರು. ೧೯೫೬ರಲ್ಲಿ ಪದ್ಮಶ್ರೀ, ೧೯೬೮ರಲ್ಲಿ ಪದ್ಮಭೂಷಣ ಪ್ರಶಸ್ತಿಗಳಿಂದ ರಾಷ್ಟ್ರವು ಅವರನ್ನು ಗೌರವಿಸಿತು. ಶಿಬಿರದ ಪದ್ಧತಿಯು ಪೊರೆಗೆ ಒಪ್ಪುವಂಥದು. ಏಕೆಂದರೆ ಒಂದು ದಿನದ ಶಸ್ತ್ರಕ್ರಿಯೆಯಿಂದ ಕೆಲಸವು ತೀರುತ್ತದೆ. ೧೯೭೬ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ಬಹುಕಾಲ ಪೊರೆಯ ಮೇಲೆಯೇ ತನ್ನ ಬಲವನ್ನೆಲ್ಲ ಸುರಿಯಿತು. ಅದು ತಪ್ಪಲ್ಲ, ೨೦೧೫ರಿಂದ ೨೦೧೯ರ ವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ೫೦ ವರ್ಷ ಮೀರಿದವರ ಅಂಧತ್ವದಲ್ಲಿ ಮೂರರಲ್ಲಿ ಎರಡು ಪಾಲಿಗೆ ಪೊರೆಯೇ ಕಾರಣವಾಗಿತ್ತು, ಗ್ಲಾಕೋಮಾದ ಪಾಲು ಶೇಕಡಾ ೫.೫. ಆದರೆ ಆ ಎರಡು ಪಾಲನ್ನು ನಾಳೆಯಾದರೂ ಸರಿಪಡಿಸಬಹುದು. ಈ ಐದೂವರೆಯನ್ನು ಎಂದೆಂದಿಗೂ ಸರಿಪಡಿಸಲಾಗದು. ಗ್ಲಾಕೋಮಾಕ್ಕೆ ಒಂದು ದಿನದ ಶಿಬಿರದಿಂದ ಪ್ರಯೋಜನವಿಲ್ಲ. ಅದಕ್ಕೆ ಬೇಕಾದುದು ವರ್ಷಗಟ್ಟಲೆ ನಡೆಯುವ ದಾಖಲೆ, ಅದೇ ಯಂತ್ರ, ತಪ್ಪದ ಔಷಧ.

ಆದುದರಿಂದ ನಾವು ಸೂಚಿಸುವದೇನೆಂದರೆ: ಧಾರವಾಡದ ಜಿಲ್ಲಾ ಆಸ್ಪತ್ರೆಯಲ್ಲಿಯೂ, ಕಿಮ್ಸ್ ಎಂದು ಜನರು ಕರೆಯುವ, ೧೯೫೭ರಲ್ಲಿ ಸ್ಥಾಪಿತವಾದ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿಯೂ, ಗ್ಲಾಕೋಮಾದ ಸಂಶಯಿತರಿಗಾಗಿ ಪ್ರತ್ಯೇಕ ದಾಖಲೆಯನ್ನಿಟ್ಟು, ಬರತಕ್ಕ ದಿನಕ್ಕೆ ಬಾರದವರಿಗೆ ನೆನಪು ಕೊಡುವ ಏರ್ಪಾಡು ಪಕ್ಕಾ ಇರಬೇಕು, ಒತ್ತಡ ಇಳಿಸುವ ಹನಿಗಳು ಬಡವರಿಗೆ ವರ್ಷದ ಹನ್ನೆರಡು ತಿಂಗಳೂ ಪುಕ್ಕಟೆಯಾಗಿ ದೊರೆಯಬೇಕು. ಹನಿಯು ಎರಡು ತಿಂಗಳು ಸಿಕ್ಕು ಮೂರನೆಯ ತಿಂಗಳು ತೀರಿಹೋದರೆ ಆ ಚಿಕಿತ್ಸೆಗೆ ಅರ್ಥವಿಲ್ಲ. ಹುಬ್ಬಳ್ಳಿಯು ನೈಋತ್ಯ ರೈಲ್ವೆಗೂ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಗೂ ಕೇಂದ್ರಸ್ಥಾನ. ಗಾಡಿ ನಡೆಸುವವರ ಕಣ್ಣುಗಳನ್ನು ಅವಧಿಗೊಮ್ಮೆ ಪರೀಕ್ಷಿಸುವ ನಿಯಮವು ಹೇಗೂ ಇದೆ. ದೂರದ ಅಕ್ಷರ, ಬಣ್ಣಗಳ ಸಂಗಡ ನಲವತ್ತು ಮೀರಿದ ಪ್ರತಿಯೊಬ್ಬರ ದೃಷ್ಟಿನರವನ್ನೂ ನೋಡುವದನ್ನು ಅಧಿಕಾರಿಗಳು ತಪ್ಪದೆ ನಡೆಸಬೇಕು. ಬದಿಯಿಂದ ಓಡಿಬರುವ ಮಗುವು ಬದಿಯ ನೋಟಕ್ಕಷ್ಟೇ ಕಾಣುವದಲ್ಲವೆ? ಸಂಶಯವೆಂದು ಬರೆದ ಮಾತ್ರಕ್ಕೆ ನೌಕರಿ ಹೋಗುವದಿಲ್ಲವೆಂಬ ಆಶ್ವಾಸನವನ್ನೂ ಕೊಡಬೇಕು. ಇಲ್ಲದಿದ್ದರೆ ನೌಕರರು ಕಣ್ಣನ್ನು ತೋರಿಸದೆ ಅಡಗಿಸುವರು.

ಔಷಧದ ಅಂಗಡಿಕಾರರಿಗೂ ಒಂದು ಮಾತು. ಕಣ್ಣು ತುರಿಸಿತು, ಕೆಂಪಾಯಿತು ಎಂದು ಬಂದವರಿಗೆ ಸ್ಟೆರಾಯ್ಡ್ ಬೆರೆತ ಹನಿಯ ಬಾಟಲಿಯನ್ನು ಡಾಕ್ಟರರ ಚೀಟಿಯಿಲ್ಲದೆ ಕೊಡುವ ರೂಢಿ ನಮ್ಮ ಪೇಟೆಗಳಲ್ಲಿ ಇನ್ನೂ ಅಳಿದಿಲ್ಲ. ಆ ಹನಿಯಿಂದ ಎರಡು ದಿನಗಳಲ್ಲಿ ಹಿತವೆನಿಸುವದು ನಿಜ. ತಿಂಗಳುಗಟ್ಟಲೆ ಹಾಕಿಕೊಂಡರೆ ಕೆಲವರ ಕಣ್ಣಿನ ಒತ್ತಡವು ಸದ್ದಿಲ್ಲದೆ ಏರಿ ನರವನ್ನು ತಿಂದುಹಾಕುವದು. ಬೇಸಿಗೆಯಲ್ಲಿ ಕಣ್ಣು ತುರಿಸಿಕೊಳ್ಳುವ ಎಳೆಯ ಮಕ್ಕಳು ಇದಕ್ಕೆ ಹೆಚ್ಚಾಗಿ ಬಲಿಯಾಗುತ್ತಾರೆ. ಚೀಟಿಯಿಲ್ಲದೆ ಇವುಗಳನ್ನು ಮಾರಕೂಡದೆಂದು ಕಾಯದೆಯಿದೆ. ಅದನ್ನು ಜಾರಿಯಲ್ಲಿ ತರುವದು ಅಧಿಕಾರಿಗಳ ಕರ್ತವ್ಯ; ಕೇಳದಿರುವದು ಗಿರಾಕಿಯ ಕರ್ತವ್ಯ.

ಕೊನೆಗೆ ನಮ್ಮ ಮನೆತನಗಳಿಗೆ. ಈ ರೋಗವು ರಕ್ತಸಂಬಂಧದಲ್ಲಿ ಹರಿಯುವದೆಂಬದು ಸಿದ್ಧವಾದ ಸಂಗತಿ. ಹಾಲೆಂಡಿನ ರಾಟರ್‌ಡ್ಯಾಮ್ ನಗರದ ಅಧ್ಯಯನದಲ್ಲಿ ರೋಗಿಗಳ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಇವರಲ್ಲಿ ಜೀವಮಾನದ ಅಪಾಯವು ಶೇಕಡಾ ೨೨, ಇತರರ ಬಂಧುಗಳಲ್ಲಿ ಶೇಕಡಾ ೨.೩ ಎಂದು ೧೯೯೮ರಲ್ಲಿ ಕಂಡುಬಂದಿತು. ಹೀಗಿದ್ದೂ ನಮ್ಮಲ್ಲಿ ತಂದೆಗೆ ಗ್ಲಾಕೋಮಾ ಇದ್ದುದನ್ನು ಮಕ್ಕಳಿಗೂ ಹೇಳದೆ ಮುಚ್ಚಿಡುವವರಿದ್ದಾರೆ. ಮಗಳ ಸಂಬಂಧಕ್ಕೆ ಅಡ್ಡಿ ಬಂದೀತೆಂದು ಅವರ ಅಂಜಿಕೆ. ಮುಚ್ಚಿಟ್ಟುದರಿಂದ ರೋಗವು ಹಿಂಜರಿಯುವದಿಲ್ಲ. ಪರೀಕ್ಷೆ ಮಾತ್ರ ಹಿಂದೆ ಬೀಳುತ್ತದೆ. ಸಂಶಯವೆಂದು ತಿಳಿದ ದಿನವೇ ಒಡಹುಟ್ಟಿದವರಿಗೆ ಹೇಳಿ ಕಳಿಸುವದು, ನಲವತ್ತು ಮುಟ್ಟಿದವರೆಲ್ಲರನ್ನೂ ಒಮ್ಮೆ ತೋರಿಸುವದು, ಇದೇ ನಿಜವಾದ ಬಂಧುತ್ವ. ತನ್ನ ಕಣ್ಣಿನ ಚಿಂತೆಯಿಂದ ಒದ್ದಾಡುವವನು ಆ ಚಿಂತೆಯನ್ನು ನಾಲ್ವರ ಎಚ್ಚರಕ್ಕೆ ಉಪಯೋಗಿಸಿದರೆ, ಅದು ವ್ಯರ್ಥವಾಗಲಿಲ್ಲ.

ಅಂಧತ್ವವು ಮನುಷ್ಯನ ಬಾಳಿಗೆ ಕೊನೆಯಲ್ಲವೆಂಬದನ್ನು ನಮ್ಮ ನಾಡಿಗೆ ಯಾರೂ ಕಲಿಸಬೇಕಾಗಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದೆಯೇ ಸಂಗೀತದ ಬೆಳಕನ್ನು ಸಾವಿರಾರು ಜನರಿಗೆ ಹಂಚಿದರು. ಆದರೆ ವಿಧಿಯು ತಂದ ಅಂಧತ್ವವನ್ನು ಧೈರ್ಯದಿಂದ ಗೆಲ್ಲುವದು ಬೇರೆ. ತಡೆಯಬಲ್ಲ ಅಂಧತ್ವವನ್ನು ಆಲಸ್ಯದಿಂದ ಬರಮಾಡಿಕೊಳ್ಳುವದು ಬೇರೆ. ಮೊದಲನೆಯದು ಮಹಾತ್ಮರ ಲಕ್ಷಣ. ಎರಡನೆಯದು ಮನೆಯವರಿಗೆ ಮಾಡುವ ಅನ್ಯಾಯ. ಸಂಶಯವಿದೆಯೆಂದು ಹೇಳಿಸಿಕೊಂಡವರು ಹೇಳಿದ ದಿನಕ್ಕೆ ಮರಳಿ ಹೋಗಲಿ. ಹನಿ ಬರೆದುಕೊಟ್ಟಿದ್ದರೆ ಒಂದು ಹೊತ್ತೂ ತಪ್ಪದೆ ಹಾಕಿಕೊಳ್ಳಲಿ. ಹಳೆಯ ಕಾಗದಗಳನ್ನು ಜೋಪಾನವಾಗಿಡಲಿ. ಇಷ್ಟು ಮಾಡಿದ ಮೇಲೆ ಉಳಿದ ದಿನಗಳಲ್ಲಿ ನಿಶ್ಚಿಂತೆಯಿಂದ ತಮ್ಮ ಕೆಲಸ ನೋಡಲಿ. ಕಣ್ಣಿಗಾಗಿ ಇಷ್ಟು ಶ್ರಮಪಡುವದು ಆ ಕಣ್ಣಿನಿಂದ ಲೋಕವನ್ನು ನೋಡುವದಕ್ಕೇ ಹೊರತು, ಹಗಲಿರುಳು ಕಣ್ಣಿನ ಚಿಂತೆಯಲ್ಲಿಯೇ ಮುಳುಗಿರುವದಕ್ಕಲ್ಲ.